ಮನಸ್ಸು ನೊಂದಾಗ ತಿನ್ನುವ ಅಭ್ಯಾಸ: ಪಿಸಿಒಎಸ್ ಇರುವವರಿಗೆ ಸಾವಧಾನದ ಊಟ ನೆರವಾಗುತ್ತದೆಯೇ?

ಪ್ರಶ್ನೆ: ವಿದ್ಯಾನಗರದ ಓದುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ, ಮದುವೆಯಾಗಿ ಐದು ವರ್ಷಗಳಾಗಿವೆ, ಇನ್ನೂ ಮಕ್ಕಳಾಗಿಲ್ಲ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದುದರಿಂದ ಪರೀಕ್ಷೆ ಮಾಡಿಸಿದಾಗ ಪಿಸಿಒಎಸ್, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ, ಇರುವುದು ತಿಳಿಯಿತು. ಥೈರಾಯ್ಡ್ ಕೂಡ ಏರುಪೇರಾಗಿದ್ದು, ಅದಕ್ಕೆ ಮಾತ್ರೆ ನಡೆದಿದೆ. ಸ್ವಲ್ಪ ತೂಕ ಇಳಿದರೆ ಅಂಡಾಣು ಬಿಡುಗಡೆಯಾಗುವುದು ಸುಲಭವಾಗುತ್ತದೆ ಎಂದು ವೈದ್ಯರು ಹೇಳಿದ ದಿನದಿಂದ ನನಗೂ ಊಟಕ್ಕೂ ಇದ್ದ ಸಂಬಂಧವೇ ಕೆಟ್ಟುಹೋಗಿದೆ.

ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಒಂದೇ ಜೋಳದ ರೊಟ್ಟಿ ಮತ್ತು ಪಲ್ಯ ಎಂದು ಕಟ್ಟುನಿಟ್ಟಾಗಿ ಇರುತ್ತೇನೆ. ಸಂಜೆಯ ಹೊತ್ತಿಗೆ ಆ ಕಟ್ಟು ಹರಿದುಹೋಗುತ್ತದೆ. ಹೋದ ತಿಂಗಳು ಸಂಬಂಧಿಕರ ಮನೆಯ ಕುಬಸಕ್ಕೆ (ಸೀಮಂತಕ್ಕೆ) ಹೋಗಿದ್ದೆ. ಉಡಿ ತುಂಬಲು ಒಬ್ಬೊಬ್ಬರನ್ನೇ ಕರೆಯುತ್ತಾ ನನ್ನ ಸರದಿ ಬಂದಾಗ, ಹಿರಿಯರೊಬ್ಬರು "ಆಕೆ ಆಮೇಲೆ ತುಂಬಲಿ ಬಿಡ್ರಿ" ಎಂದು ಮೆಲ್ಲಗೆ ಹೇಳಿದರು. ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಒಗ್ಗರಣೆ ಹಾಕಿದ ಮಂಡಕ್ಕಿಯ ಡಬ್ಬಿ ತೆರೆದೆ. ಬೆರಳು ಡಬ್ಬಿಯ ತಳಕ್ಕೆ ತಾಗಿ ಸದ್ದಾದಾಗಲೇ ನನಗೆ ಎಚ್ಚರವಾದದ್ದು. ಅದರಲ್ಲಿ ಉಪ್ಪು ಹೆಚ್ಚಾಗಿತ್ತೆಂದು ರಾತ್ರಿ ಯಜಮಾನರು ಹೇಳುವವರೆಗೆ ನನಗೆ ತಿಳಿದೇ ಇರಲಿಲ್ಲ.

ಮೈಂಡ್‌ಫುಲ್‌ನೆಸ್ ಎಂಬ ಸಾವಧಾನದ ಅಭ್ಯಾಸದಿಂದ ಇಂಥ ತಿನ್ನುವಿಕೆ ಕಡಿಮೆಯಾಗುತ್ತದೆ ಎಂದು ಕೇಳಿದ್ದೇನೆ. ಗರ್ಭ ನಿಲ್ಲುವುದಕ್ಕೂ ಅದು ಸಹಾಯಕವೇ? ಅಭ್ಯಾಸ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕುಂದವಾಡ ಕೆರೆಯ ಹತ್ತಿರದವಳು, ದಾವಣಗೆರೆ

ತಂಗಿ, ನಿನ್ನ ಬರಹದಲ್ಲಿ ಆ ಡಬ್ಬಿಯ ತಳದ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಮನೆಯಲ್ಲಿ ಅದು ಬಿಸ್ಕತ್ತಿನ ಡಬ್ಬಿಯಾಗಿತ್ತು. ಪ್ರತಿ ತಿಂಗಳು ಮುಟ್ಟಾದ ದಿನ ಯಾರಿಗೂ ಕಾಣದಂತೆ ತಿನ್ನುತ್ತಿದ್ದೆ, ತಿಂದ ಮೇಲೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ, ಬೈದುಕೊಂಡ ನೋವಿಗೆ ಮತ್ತೆ ತಿನ್ನುತ್ತಿದ್ದೆ.

ನೀನು ಕೇಳಿದ ಸಾವಧಾನದ ಅಭ್ಯಾಸವನ್ನು ಇಂದಿನ ರೂಪದಲ್ಲಿ ಆಸ್ಪತ್ರೆಗಳಿಗೆ ತಂದವರು ಅಮೆರಿಕದ ಜಾನ್ ಕಬಾಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಅವರು ಆರಂಭಿಸಿದ ಎಂಟು ವಾರಗಳ ತರಬೇತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವ ಪಾಠವಿದೆ. ನಾನು ಕಲಿತದ್ದೂ ಅದನ್ನೇ, ಆದರೆ ನನಗೆ ಅದು ಅರ್ಥವಾದದ್ದು ಬೆಣ್ಣೆ ದೋಸೆಯ ಮುಂದೆ. ಎರಡು ವರ್ಷ ದೋಸೆಯನ್ನು ಶತ್ರುವೆಂದು ದೂರವಿಟ್ಟಿದ್ದೆ. ಒಂದು ಭಾನುವಾರ ಯಜಮಾನರ ಜೊತೆ ಹೋಟೆಲಿಗೆ ಹೋಗಿ, ಫೋನ್ ಚೀಲದಲ್ಲಿಟ್ಟು, ಬೆಣ್ಣೆ ಕರಗಿ ಅಂಚಿಗೆ ಹರಿಯುವುದನ್ನು ನೋಡುತ್ತಾ ಒಂದೊಂದೇ ಚೂರು ಮುರಿದು ತಿಂದೆ. ಮೊದಲ ದೋಸೆಯ ರುಚಿ ಎರಡನೆಯದಕ್ಕೆ ಇರಲಿಲ್ಲ, ಅರ್ಧಕ್ಕೆ ಸಾಕೆನಿಸಿತು. ಯಾರೂ ಬೇಡವೆನ್ನದೆ ನನಗೆ ನಾನೇ ಸಾಕು ಎಂದದ್ದು ಬಹಳ ವರ್ಷಗಳ ನಂತರ ಅದೇ ಮೊದಲು.

ಮನೆಯಲ್ಲಿ ನಾನು ಪಾಲಿಸುವುದು ಇಷ್ಟೇ: ಏನು ತಿನ್ನಬೇಕೆನಿಸಿದರೂ ತಟ್ಟೆಗೆ ಹಾಕಿಕೊಂಡು, ಕುಳಿತು ತಿನ್ನುತ್ತೇನೆ. ಡಬ್ಬಿಗೆ ಕೈ ಹಾಕುವ ಮೊದಲು ಎದೆ, ಗಂಟಲು, ಹೊಟ್ಟೆ ಇವುಗಳಲ್ಲಿ ಎಲ್ಲಿ ಏನಾಗುತ್ತಿದೆ ಎಂದು ನಾಲ್ಕೈದು ಉಸಿರಿನಷ್ಟು ಹೊತ್ತು ಗಮನಿಸುತ್ತೇನೆ. ಗಂಟಲು ಬಿಗಿದಿದ್ದರೆ ಅದು ಅಳು ಎಂದು ಗುರುತಿಸಲು ಈಗ ಬರುತ್ತದೆ. ಗುರುತಿಸಿದ ಮೇಲೂ ತಿಂದ ದಿನಗಳಿವೆ, ಆದರೆ ಕದ್ದು ತಿನ್ನುವುದು ನಿಂತಿದೆ.

ಉತ್ತರ 2: ಆಹಾರ ಸಲಹೆಗಾರ್ತಿ, ಚಿತ್ರದುರ್ಗ

ಪ್ರಶ್ನೆ ಕೇಳಿದ ಸಹೋದರಿಯವರೇ, ಮೊದಲಿಗೆ ಒಂದು ಮಾತು. ಕುಬಸದ ದಿನ ನೀವು ಮಂಡಕ್ಕಿ ತಿಂದದ್ದಕ್ಕೆ ಮನಸ್ಸಿನ ನೋವು ಕಾರಣವಾಗಿರಬಹುದು, ಆದರೆ ಉಳಿದ ಸಂಜೆಗಳಲ್ಲಿ ಕಟ್ಟು ಹರಿಯುವುದಕ್ಕೆ ದೊಡ್ಡ ಕಾರಣ ನಿಜವಾದ ಹಸಿವು ಎಂದು ನನಗೆ ಅನ್ನಿಸುತ್ತದೆ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಒಂದು ರೊಟ್ಟಿ ತಿಂದ ದೇಹ ಸಂಜೆ ಐದು ಗಂಟೆಗೆ ಆಹಾರ ಕೇಳಿದರೆ ಅದು ದೌರ್ಬಲ್ಯವಲ್ಲ. ಅಂಥ ಹಸಿವಿನ ಮುಂದೆ ಯಾವ ಧ್ಯಾನವೂ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ.

ಪಿಸಿಒಎಸ್ ಇರುವ ಬಹಳಷ್ಟು ಮಹಿಳೆಯರಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಹೀಗಾಗಿ ರಕ್ತದಲ್ಲಿ ಇನ್ಸುಲಿನ್ ಹೆಚ್ಚುತ್ತದೆ ಮತ್ತು ಅದು ಅಂಡಾಶಯಗಳಿಂದ ಪುರುಷ ಹಾರ್ಮೋನು ಹೆಚ್ಚು ಉತ್ಪತ್ತಿಯಾಗುವಂತೆ ಮಾಡಿ ಅಂಡಾಣುವಿನ ಬೆಳವಣಿಗೆಗೆ ಅಡ್ಡಿಯಾಗುತ್ತದೆ. ತೂಕ ಹೆಚ್ಚಿರುವವರಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ಮುಟ್ಟು ಸರಿಯಾಗಲು ನೆರವಾಗಬಲ್ಲದು, ಅಂದರೆ 70 ಕಿಲೋ ಇರುವವರಿಗೆ ಮೂರೂವರೆಯಿಂದ ಏಳು ಕಿಲೋ. ಅದಕ್ಕಾಗಿ ಉಪವಾಸ ಬೇಕಿಲ್ಲ. 2023ರಲ್ಲಿ ಪ್ರಕಟವಾದ ಪಿಸಿಒಎಸ್ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯು ಇಂಥದೇ ಒಂದು ಪಥ್ಯ ಉಳಿದವುಗಳಿಗಿಂತ ಮೇಲು ಎಂದು ಹೇಳುವುದಿಲ್ಲ. ಖಿನ್ನತೆ ಮತ್ತು ಆತಂಕ ಇವೆಯೇ ಎಂದು ಈ ರೋಗಿಗಳನ್ನು ಪರೀಕ್ಷಿಸಬೇಕೆಂದೂ, ಆಹಾರದ ಜೊತೆಗಿನ ಸಂಬಂಧ ಕೆಡುವ ಅಪಾಯ ಇವರಲ್ಲಿ ಹೆಚ್ಚೆಂದೂ ಅದು ಹೇಳುತ್ತದೆ. ಆದ್ದರಿಂದ ನಿಮ್ಮದು ನಿಮ್ಮೊಬ್ಬರ ಕಥೆಯಲ್ಲ.

ಬೆಳಿಗ್ಗೆ ಹೆಸರುಕಾಳಿನ ದೋಸೆಯನ್ನೋ ಮೊಟ್ಟೆಯನ್ನೋ ತಿನ್ನಿರಿ, ಮಧ್ಯಾಹ್ನ ಎರಡು ರೊಟ್ಟಿ, ಕಾಳಿನ ಪಲ್ಯ ಮತ್ತು ಮೊಸರು ಇರಲಿ, ನಾಲ್ಕು ಗಂಟೆಗೆ ಒಂದು ಹಿಡಿ ಹುರಿದ ಶೇಂಗಾ ಸಾಕು. ಹತ್ತು ದಿನ ಹೀಗೆ ಉಂಡ ಮೇಲೂ ಉಳಿಯುವ ಹಸಿವನ್ನು ಮನಸ್ಸಿನದೆಂದು ಪರಿಶೀಲಿಸೋಣ. ಇನ್ನೊಂದು ವಿಷಯ, ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು, ಕಾಫಿಗೂ ತಿಂಡಿಗೂ ಅರ್ಧದಿಂದ ಒಂದು ಗಂಟೆ ಬಿಡಬೇಕು.

ಸಾವಧಾನದ ಅಭ್ಯಾಸದಿಂದ ನೋವಿಗೆ ತಿನ್ನುವುದು ಮತ್ತು ಮಿತಿಮೀರಿ ತಿನ್ನುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಅಧ್ಯಯನಗಳಿವೆ. ಆದರೆ ತೂಕ ಇಳಿಯುತ್ತದೆ ಎಂಬ ಖಾತ್ರಿ ಅವುಗಳಿಂದ ಸಿಗುವುದಿಲ್ಲ, ಗರ್ಭ ನಿಲ್ಲುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಅಂಡಾಣು ಬಿಡುಗಡೆಗೆ ಲೆಟ್ರೊಜೋಲ್‌ನಂತಹ ಮಾತ್ರೆಗಳಿವೆ, ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ. ನೆಮ್ಮದಿಯಾಗಿ ಉಣ್ಣುವುದು ನಿಮಗೆ ಬೇಕಾಗಿರುವುದು ನಿಮ್ಮ ಸಲುವಾಗಿಯೇ.

ಉತ್ತರ 3: ಹೊಳಲ್ಕೆರೆಯವಳು

ಅಕ್ಕಂದಿರ ಮಾತಿಗೆ ನನ್ನ ಒಂದು ತಕರಾರಿದೆ. ಮೂರು ವರ್ಷಗಳ ಹಿಂದೆ ನನ್ನ ಎರಡನೆಯ ಗರ್ಭಪಾತವಾದ ಮೇಲೆ, ಕಣ್ಣು ಮುಚ್ಚಿ ಉಸಿರು ಗಮನಿಸಿ ಎಂದು ಒಬ್ಬರು ಹೇಳಿಕೊಟ್ಟರು. ಕಣ್ಣು ಮುಚ್ಚಿದ ತಕ್ಷಣ ಸ್ಕ್ಯಾನಿಂಗ್ ಕೋಣೆಯೇ ಕಾಣುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಎದ್ದು ಹೋಗಿ ಮೊದಲಿಗಿಂತ ಹೆಚ್ಚು ತಿನ್ನುತ್ತಿದ್ದೆ. ನನ್ನಿಂದ ಇದೂ ಆಗುವುದಿಲ್ಲವೆಂಬ ಕೊರಗು ಬೇರೆ ಸೇರಿಕೊಂಡಿತು. ಹಸಿ ದುಃಖ ಇರುವವರಿಗೆ ಮೊದಲು ಮಾತನಾಡಲು ಒಂದು ಜೀವ ಬೇಕು. ನಾನು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದ್ದೆ. ಅದು ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಆಮೇಲೆ ಆಪ್ತಸಮಾಲೋಚಕರೊಬ್ಬರು ಕಣ್ಣು ತೆರೆದುಕೊಂಡು, ಪಾದ ನೆಲಕ್ಕೆ ತಾಗುವುದನ್ನು ಗಮನಿಸುತ್ತಾ ನಡೆಯುವುದನ್ನು ಕಲಿಸಿದರು. ಅದು ನನಗೆ ಒಗ್ಗಿತು.

ಯಜಮಾನರ ವೀರ್ಯ ಪರೀಕ್ಷೆ ಆಗಿದೆಯೇ ಎಂದು ನೀವು ಬರೆದಿಲ್ಲ. ಮಕ್ಕಳಾಗದಿರುವುದಕ್ಕೆ ಗಂಡಸಿನ ಕಡೆಯ ಕಾರಣವೂ ಎಷ್ಟೋ ಸಲ ಇರುತ್ತದೆ. ಹೊರೆಯೆಲ್ಲ ನಿಮ್ಮ ತಟ್ಟೆಯ ಮೇಲೆಯೇ ಬಿದ್ದಿದೆ ಎಂದು ನನಗೆ ಸಂಕಟವಾಯಿತು.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಮೂವರಿಗೂ ಕೃತಜ್ಞತೆಗಳು. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಒಂದು ಗಂಟೆ ಕಾದು ತಿಂಡಿ ತಿನ್ನುತ್ತಿದ್ದೇನೆ, ಮಧ್ಯಾಹ್ನ ಎರಡು ರೊಟ್ಟಿ. ಹದಿನಾಲ್ಕು ಸಂಜೆಗಳಲ್ಲಿ ಹತ್ತು ಸಂಜೆ ಡಬ್ಬಿಯ ನೆನಪೇ ಬರಲಿಲ್ಲ, ಅಂದರೆ ಚಿತ್ರದುರ್ಗದ ಅಕ್ಕ ಹೇಳಿದಂತೆ ಅದು ಹಸಿವೇ ಆಗಿತ್ತು. ಉಳಿದ ನಾಲ್ಕು ದಿನ ಗಂಟಲು ಬಿಗಿದದ್ದನ್ನು ಗಮನಿಸಿದೆ. ಅದರಲ್ಲಿ ಎರಡು ದಿನ ತಟ್ಟೆಗೆ ಹಾಕಿಕೊಂಡು ತಿಂದೆ, ಒಂದು ದಿನ ಅತ್ತುಬಿಟ್ಟೆ, ಇನ್ನೊಂದು ದಿನ ಯಜಮಾನರಿಗೆ ಕುಬಸದ ಮನೆಯಲ್ಲಿ ನಡೆದದ್ದನ್ನು ಹೇಳಿದೆ. ಅವರಿಗೆ ಅದು ತಿಳಿದೇ ಇರಲಿಲ್ಲ. ಸೋಮವಾರ ತಮ್ಮ ಪರೀಕ್ಷೆ ಮಾಡಿಸಿಕೊಳ್ಳಲು ಒಪ್ಪಿದ್ದಾರೆ, ಜೊತೆಗೆ ನಾನೂ ಹೋಗುತ್ತಿದ್ದೇನೆ.