ಹೇಜಲ್: ಕಾಯಿಯೋ, ಬೀಜವೋ?

ಬಳಗದವರಿಗೆ ನಮಸ್ಕಾರ.

ವಿಸ್ಕಾನ್ಸಿನ್‌ನ ನಮ್ಮ ಹಿತ್ತಲಲ್ಲಿ 6 ವರ್ಷದಿಂದ ಅಮೆರಿಕನ್ ಹೇಜಲ್ ಬೆಳೆಸುತ್ತಿದ್ದೇನೆ. ಚಾಕೊಲೇಟಿಗೆ ಹಾಕುವ ಯುರೋಪಿನ ಹೇಜಲ್ ಅಲ್ಲ, ಇಲ್ಲಿನ ಕಾಡಂಚಿನದೇ ಪೊದೆ. 8–10 ಅಡಿ ಎತ್ತರ. ಇದರ ಬಗ್ಗೆ ಕನ್ನಡದಲ್ಲಿ ಬರೆಯಹೊರಟು ಮೊದಲ ಸಾಲಿಗೇ ನಿಂತೆ. ‘ನಟ್’ಗೆ ಏನೆನ್ನಲಿ?

‘ಕಾಯಿ’ ಎಂದರೆ ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ “ಹಣ್ಣಾಗೋದು ಯಾವಾಗ?” ಅನ್ನುತ್ತಾರೆ. ಇದು ಹಣ್ಣಾಗುವುದೇ ಇಲ್ಲ. ಗೇರುಬೀಜದ ಹಾಗೆ ‘ಬೀಜ’ ಎನ್ನೋಣವೆಂದರೆ ಬೇರೆ ತೊಡಕು. ಹೇಜಲ್‌ಗೆ ತನ್ನದೇ ಪರಾಗ ಆಗದು. ಒಂದೇ ಬುಡದ ಕಂದು ಕಿತ್ತು ಸಾಲು ನೆಟ್ಟರೆ ಏನೂ ಕಚ್ಚುವುದಿಲ್ಲ. ಅದನ್ನು ಹೇಳಲು “ಬೀಜ ಬಿಡಲು ಬೇರೆ ಬೀಜದ ಗಿಡ ಬೇಕು” ಎಂದು ಬರೆದೆ. ಓದಿದವರಿಗೆ ಅರ್ಥವಾಗಲಿಲ್ಲ. ‘ಕರಟಕಾಯಿ’ ಎಂದರೆ ತೆಂಗೇ ಕಣ್ಣಿಗೆ ಬರುತ್ತದೆ. ‘ಕಾಯಿ ಕಚ್ಚುವುದು’ ಎಂಬ ಮಾತನ್ನು ಬಿಡಲಾಗದ ಕಾರಣ ಸದ್ಯ ‘ಹೇಜಲ್ ಕಾಯಿ’ ಎಂದೇ ಇಟ್ಟುಕೊಂಡಿದ್ದೇನೆ.

ಉಳಿದ ಭಾಗಗಳಿಗೆ ಪದ ಸಲೀಸಾಗಿ ಸಿಕ್ಕಿತು. ಕಾಯಿಯನ್ನು ಸುತ್ತಿರುವ ಸುಕ್ಕುಸುಕ್ಕಾದ ಎಲೆಯಂಥ ಹೊದಿಕೆಗೆ, ಮುಸುಕಿನ ಜೋಳದ್ದೇ ‘ಮುಸುಕು’. ಅದರ ಅಂಚು ಕಂದುತ್ತಿದ್ದಂತೆ ಕೊಯ್ಯಬೇಕು, ತಡಮಾಡಿದರೆ ಅಳಿಲಿನ ಪಾಲು. ಎಲೆ ಮೂಡುವ ಮೊದಲೇ ಏಪ್ರಿಲ್ ಗಾಳಿಗೆ ಪರಾಗ ಉದುರಿಸುವ ಜೋಲು ಗಂಡುಹೂಗಳಿಗೆ ‘ಕುಚ್ಚು’ ಅನ್ನುತ್ತಿದ್ದೇನೆ, ಜಡೆಕುಚ್ಚಿನಂತೆಯೇ ತೂಗುತ್ತವೆ. ಹೆಣ್ಣುಹೂ ಮಾತ್ರ ಮೊಗ್ಗಿನ ತುದಿಯಲ್ಲಿ ನಾಲ್ಕಾರು ಕೆಂಪು ಎಳೆ, ಅಷ್ಟೇ. ಹತ್ತಿರ ಹೋಗಿ ಬಗ್ಗಿ ನೋಡದಿದ್ದರೆ ಕಾಣದು.

ಹುಡುಕುತ್ತಾ ಹೋದಾಗ ಸಿಕ್ಕ ಇನ್ನೊಂದು ಸಂಗತಿ: ಈ ಕಾಯಿಯ ಹೆಸರು ಎಂದೋ ಕನ್ನಡಕ್ಕೆ ಬಂದಾಗಿದೆ! ಅರಬ್ಬಿಯಲ್ಲಿ ಹೇಜಲ್ ಕಾಯಿ ‘ಬುಂದುಕ್’. ಅದರಂತೆ ದುಂಡಗಿದ್ದ, ಬಿಲ್ಲಿನಿಂದ ಹೊಡೆಯುವ ಮಣ್ಣುಗುಂಡಿಗೂ ಅದೇ ಹೆಸರಾಯಿತು. ಮುಂದೆ ಗುಂಡು ಹಾರಿಸುವ ಆಯುಧಕ್ಕೂ. ನಮ್ಮ ‘ಬಂದೂಕು’ ಬಂದದ್ದು ಆ ದಾರಿಯಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಗ್ರೀಕರ ‘ಪೊಂಟಿಕೋನ್’, ಅಂದರೆ ಕಪ್ಪು ಸಮುದ್ರದ ಪೊಂಟಸ್ ಸೀಮೆಯದು. ಇವತ್ತಿಗೂ ಜಗತ್ತಿನ ಹೇಜಲ್‌ನಲ್ಲಿ ದೊಡ್ಡ ಪಾಲು ಬೆಳೆಯುವುದು ಟರ್ಕಿಯ ಆ ಕರಾವಳಿಯಲ್ಲೇ.

ನನ್ನ ಪ್ರಶ್ನೆ ಇಷ್ಟು. ಹಣ್ಣಾಗದೆ, ಗಟ್ಟಿ ಚಿಪ್ಪಿನೊಳಗೆ ತಿರುಳು ಬಲಿಯುವ ಕಾಯಿಗೆ ನಿಮ್ಮ ಊರಿನ ಆಡುಮಾತಿನಲ್ಲಿ ಬೇರೆ ಪದವಿದೆಯೇ? ಕಾಡುತ್ಪತ್ತಿ ಸಂಗ್ರಹಿಸುವವರ ಬಾಯಲ್ಲಿ ಕೇಳಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ಬರೆಯಿರಿ.