ಅಪ್‌ಡೇಟ್: ಗುಲ್ಮಾರ್ಗ್‌ನ ಹಿಮ ನೋಡಿ ಬಂದೆವು

ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನೋಡಲು 2025ರ ಫೆಬ್ರವರಿ 22ರ ಹೊತ್ತಿಗೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಬಹುದೇ ಎಂದು ತೀರ್ಥಹಳ್ಳಿಯಿಂದ ಹಿಂದೆ ನಿಮ್ಮನ್ನು ಕೇಳಿದ್ದೆ. ದಿನಾಂಕ ನಂಬಬೇಡಿ, ದಿನದಿನದ ಹಿಮದ ವರದಿ ನೋಡಿ, ರದ್ದು ಮಾಡಬಹುದಾದ ಟಿಕೆಟ್ ಮಾತ್ರ ಕೊಳ್ಳಿ ಎಂದಿದ್ದಿರಿ. ಆ ಮಾತು ನಮ್ಮನ್ನು ಉಳಿಸಿತು. ಹಿಮ ಸಾಲದೆ ಕೂಟವನ್ನು ಮುಂದೂಡಿದರು. ಮಾರ್ಚ್ 9ರಿಂದ 12ರವರೆಗೆ ನಡೆಯಿತು. ನಾವೂ ಆಗಲೇ ಹೋದೆವು.

ವರದಿ ಓದುವುದು ಮಲೆನಾಡಿನವರಿಗೆ ಕಷ್ಟವಲ್ಲ. ನಮ್ಮ ಅಪ್ಪಯ್ಯ ಅಡಿಕೆ ತೋಟದ ಮಳೆಮಾಪಕ ನೋಡಿ ಪ್ರತಿ ಬೆಳಿಗ್ಗೆ 8.30ಕ್ಕೆ ಅಂಕಿ ಬರೆದಿಡುತ್ತಾರೆ. ಗುಲ್ಮಾರ್ಗ್‌ನ ಹಿಮದ ವರದಿಯಲ್ಲಿಯೂ 24 ಗಂಟೆಗಳಲ್ಲಿ ಬಿದ್ದ ಹೊಸ ಹಿಮದ ಲೆಕ್ಕ ಒಂದಿರುತ್ತದೆ, ನೆಲದ ಮೇಲೆ ನಿಂತ ಹಿಮದ ದಪ್ಪ ಇನ್ನೊಂದು. ನಮ್ಮ ಮಳೆ ಹರಿದು ತುಂಗೆ ಸೇರಿಬಿಡುತ್ತದೆ. ಹಿಮ ಅಲ್ಲೇ ಕುಳಿತು ಬಿಸಿಲಿಗೆ ಕುಗ್ಗುತ್ತದೆ. ಆದ್ದರಿಂದ ಸ್ಪರ್ಧೆಗೆ ಎರಡನೆಯ ಅಂಕಿಯೇ ಮುಖ್ಯ. 10 ಸೆಂಟಿಮೀಟರ್ ಹೊಸ ಹಿಮ ಕರಗಿದರೆ ಸುಮಾರು 10 ಮಿಲಿಮೀಟರ್ ನೀರು ಎಂದಾಗ ಅಪ್ಪಯ್ಯ, "ಆಗುಂಬೆಯ ಒಂದು ಗಳಿಗೆಯ ಮಳೆ" ಎಂದರು.

ಎತ್ತರವನ್ನೂ ಗಮನಿಸಿ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗೊಂಡೋಲಾ, ಅಂದರೆ ಕೇಬಲ್ ಕಾರು, ಅಫರ್ವಾಟ್ ಬೆಟ್ಟದಲ್ಲಿ 3,900 ಮೀಟರ್ ದಾಟುತ್ತದೆ. ಮೇಲಿನ ಹಿಮ ಕೆಳಗಿನ ಇಳಿಜಾರಿನಲ್ಲಿ ಇರಲೇಬೇಕೆಂದಿಲ್ಲ.

ಹಿಮ್ಮಡಿ ಬಿಗಿಯದ ಸ್ಕೀ ಕಟ್ಟಿ ಹಿಮದ ಮೇಲೆ ಸಾಗುವ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಪದಕ ಗೆದ್ದಿರುವ ಭವಾನಿ ತೆಕ್ಕಡ ನಂಜುಂಡ ಹಿಮವೇ ಬೀಳದ ಕೊಡಗಿನವರು ಎಂದು ಮಗಳಿಗೆ ಹೇಳಿದೆ. ಈಗ ಅವಳು ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಲ್ಲಿ ಕಲಿಯಲೇಬೇಕೆಂದು ಹಟ ಹಿಡಿದಿದ್ದಾಳೆ. ಕಳುಹಿಸುತ್ತೇನೆ.