ಅಪ್ಪ, ಆಯಿಯ ಜೊತೆ ಕೊಚ್ಚಿಯ ಮರೀನ್ ಡ್ರೈವ್: ಹೋಗಿ ಬಂದವರು ತಿಳಿಸಿ

ಪ್ರಶ್ನೆ, ಕಾರವಾರದಿಂದ: ಡಿಸೆಂಬರ್‌ನಲ್ಲಿ ಅಪ್ಪ, ಆಯಿಯನ್ನು ಕೊಚ್ಚಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಶಿರವಾಡದಲ್ಲಿ ನೇತ್ರಾವತಿ ರೈಲು ಹತ್ತುವ ವಿಚಾರ. ಆಯಿಗೆ ಮೊಣಕಾಲು ನೋವು, ಅಪ್ಪನಿಗೆ ಹಡಗಿನ ಹುಚ್ಚು. ಮರೀನ್ ಡ್ರೈವ್‌ನಲ್ಲಿ ಅಡ್ಡಾಡಿ, ಅಲ್ಲಿಯೇ ಕ್ರೂಸ್ ಟರ್ಮಿನಲ್ ನೋಡಿ, ಒಂದು ದೋಣಿ ವಿಹಾರವನ್ನೂ ಮುಗಿಸಬಹುದೇ?

ಅಂಕೋಲಾದಿಂದ: ಎರಡೂ ಒಂದೇ ಕಡೆ ಇಲ್ಲ. ಮರೀನ್ ಡ್ರೈವ್ ಇರುವುದು ಎರ್ನಾಕುಲಂ ದಂಡೆಯಲ್ಲಿ. ದೊಡ್ಡ ಪ್ರವಾಸಿ ಹಡಗುಗಳ ‘ಸಾಗರಿಕಾ’ ಟರ್ಮಿನಲ್ ಇರುವುದು ವಿಲಿಂಗ್ಡನ್ ದ್ವೀಪದಲ್ಲಿ. 2021ರಲ್ಲಿ ಉದ್ಘಾಟನೆಯಾದ ಕಟ್ಟಡವದು, ಬಂದರಿನ ಆವರಣದೊಳಗಿದೆ. ಹಡಗಿನ ಪ್ರಯಾಣಿಕರಿಗಾಗಿ ಕಟ್ಟಿದ್ದೇ ಹೊರತು ನೋಡಲು ಬಂದವರಿಗಲ್ಲ. ಆದರೂ ಅಪ್ಪನಿಗೆ ನಿರಾಸೆಯಾಗಬೇಕಿಲ್ಲ. ಫೋರ್ಟ್ ಕೊಚ್ಚಿಗೆ ಹೋಗುವ ದೋಣಿ ಆ ದ್ವೀಪದ ಉತ್ತರದ ತುದಿಯನ್ನು ಬಳಸಿಕೊಂಡೇ ಹೋಗುತ್ತದೆ. ಕಟ್ಟೆಯಲ್ಲಿ ಹಡಗು ನಿಂತಿದ್ದರೆ ನೀರಿನ ಮೇಲಿನಿಂದಲೇ ಕಾಣುತ್ತದೆ. ಆ ದ್ವೀಪದ ಬಹುಭಾಗ ಬ್ರಿಟಿಷರ ಕಾಲದಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಬಂದರಿಗಾಗಿ ತಳ ತೋಡಿಸಿದಾಗ ಬಂದ ಹೂಳಿನಿಂದಲೇ ಎದ್ದದ್ದು. ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ, ದಾರಿಯುದ್ದಕ್ಕೂ ಮಾತಿಗೆ ವಿಷಯ ಸಿಗುತ್ತದೆ.

ಇನ್ನು ಮರೀನ್ ಡ್ರೈವ್. ಟಾಗೋರ್ ಕಡಲತೀರದಲ್ಲಿ ಸಂಜೆ ಕಳೆಯುವ ನಮಗೆ ಅಲ್ಲಿ ಅಲೆಯೂ ಇಲ್ಲ, ಮರಳೂ ಇಲ್ಲ. ಎದುರಿಗಿರುವುದು ವೆಂಬನಾಡು ಹಿನ್ನೀರು. ಕೋಡಿಬಾಗದಲ್ಲಿ ನಿಂತು ಕಾಳಿ ನದಿಯನ್ನು ನೋಡಿದ ಹಾಗೆ. ಆಚೆ ಮಾತ್ರ ಸದಾಶಿವಗಡದ ಬದಲು ಬಂದರಿನ ಕ್ರೇನುಗಳು. ವಾಹನಗಳ ಕಾಟವಿಲ್ಲದ ಕಾಲುದಾರಿ, ಕೂರಲು ಕಟ್ಟೆ. ಬಿಸಿಲು ಇಳಿದ ಮೇಲೆ ಹೋದರೆ ಸಾಕು, ನಡು ಮಧ್ಯಾಹ್ನ ಬೇಡವೇ ಬೇಡ.

ಹೊನ್ನಾವರದಿಂದ: ಮೊಣಕಾಲು ನೋವು ಇದ್ದವರಿಗೆ ವಾಟರ್ ಮೆಟ್ರೋ ಎಂಬ ದೋಣಿ ಸೇವೆ. ಬೇರೆ ಮಾತೇ ಇಲ್ಲ. ಮರೀನ್ ಡ್ರೈವ್‌ನ ಉತ್ತರದ ಕೊನೆಯಲ್ಲಿ ಹೈಕೋರ್ಟ್ ಟರ್ಮಿನಲ್ ಇದೆ, ಅಲ್ಲಿಂದ ಫೋರ್ಟ್ ಕೊಚ್ಚಿಗೆ ದೋಣಿ. ಕಟ್ಟೆಯೇ ನೀರಿನ ಮೇಲೆ ತೇಲುವುದರಿಂದ ಭರತ ಇಳಿತ ಏನಿದ್ದರೂ ದೋಣಿಯ ನೆಲ ಮತ್ತು ಕಟ್ಟೆ ಒಂದೇ ಮಟ್ಟದಲ್ಲಿರುತ್ತವೆ, ಕಾಲೆತ್ತಿ ಹತ್ತುವ ಪ್ರಮೇಯ ಬರುವುದಿಲ್ಲ. ಬ್ಯಾಟರಿಯಿಂದ ಓಡುತ್ತದೆ, ಹವಾನಿಯಂತ್ರಿತ. ಕೊಚ್ಚಿ ಶಿಪ್‌ಯಾರ್ಡ್‌ನಲ್ಲಿಯೇ ಕಟ್ಟಿದ್ದು, ಸೇವೆ ಶುರುವಾದದ್ದು 2023ರ ಏಪ್ರಿಲ್‌ನಲ್ಲಿ. ಸುಭಾಷ್ ಪಾರ್ಕ್ ಹತ್ತಿರದ ಸರ್ಕಾರಿ ಜೆಟ್ಟಿಯ ಹಳೆಯ ದೋಣಿಗಳು ಇನ್ನೂ ಅಗ್ಗ, ನನಗಂತೂ ಅವೇ ಇಷ್ಟ. ಆದರೆ ಅಂಚು ದಾಟಿ ಒಳಗಿಳಿಯಬೇಕು.

ಶಿರಸಿಯಿಂದ: ಸೊಳ್ಳೆಗೆ ಹಚ್ಚುವ ಮುಲಾಮು ಒಯ್ಯಿರಿ. ನಮ್ಮ ತೋಟದ ಸೊಳ್ಳೆಗಳು ಸಾಧು ಎನಿಸುತ್ತವೆ.

ಕಾರವಾರದಿಂದ, ಇನ್ನೊಬ್ಬರು: ದಂಡೆಯ ಮೇಲೆ ಖಾಸಗಿ ವಿಹಾರ ದೋಣಿಯವರು ಕೈ ಹಿಡಿದು ಕರೆಯುತ್ತಾರೆ. ದರ ಕೇಳುವ ಮೊದಲು ಲೈಫ್ ಜಾಕೆಟ್ ಎಲ್ಲಿದೆ ಎಂದು ಕೇಳಿ. ಎಷ್ಟು ಜನರಿಗೆ ಪರವಾನಗಿ ಎಂಬುದನ್ನೂ ನೋಡಿ. ಕೇರಳದ ತಾನೂರಿನಲ್ಲಿ 2023ರ ಮೇ ತಿಂಗಳಲ್ಲಿ 22 ಜನ ಸತ್ತದ್ದು ಇಂಥದೇ ಒಂದು ಪ್ರವಾಸಿ ದೋಣಿಯಲ್ಲಿ, ಮಿತಿ ಮೀರಿ ತುಂಬಿಸಿದ್ದರಿಂದ. 2019ರ ಕೂರ್ಮಗಡ ಜಾತ್ರೆಯ ದೋಣಿ ದುರಂತವನ್ನು ಕಂಡ ಊರಿನವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಸಂಕೋಚಪಡಬೇಡಿ, ಜಾಕೆಟ್ ಕೊಡದಿದ್ದರೆ ಇಳಿದು ಬನ್ನಿ.

ಕುಮಟಾದಿಂದ: ಮಟ್ಟಾಂಚೇರಿ ಬಿಡಬೇಡಿ. ಅಲ್ಲಿನ ತಿರುಮಲ ದೇವಸ್ವಂ ಗೌಡ ಸಾರಸ್ವತರ ದೇವಸ್ಥಾನ, ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಹೋದವರ ಪೀಳಿಗೆ ಸುತ್ತಮುತ್ತ ಇನ್ನೂ ಕೊಂಕಣಿ ಮಾತನಾಡುತ್ತದೆ. ಮಲಯಾಳ ಬಾರದ ನನ್ನ ಅತ್ತೆ ಅಲ್ಲಿ ಹೂ ಮಾರುವವರೊಡನೆ ಚೌಕಾಸಿಗೇ ಇಳಿದುಬಿಟ್ಟರು. ಹತ್ತಿರದಲ್ಲೇ ಅರಮನೆ ಇದೆ, ಗೋಡೆಯ ಮೇಲೆ ರಾಮಾಯಣದ ಚಿತ್ರಗಳು. ಅದರ ಪಕ್ಕದ ಓಣಿಯಲ್ಲಿ 1568ರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ನಾವು ಶುಕ್ರವಾರ ತಲುಪಿ ಭಾನುವಾರ ರಾತ್ರಿ ಹೊರಡುತ್ತೇವೆ.

ಕುಮಟಾದಿಂದ: ಹಾಗಾದರೆ ಮಟ್ಟಾಂಚೇರಿಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಶುಕ್ರವಾರ ಅರಮನೆಗೆ ರಜೆ, ಶನಿವಾರ ಸಿನಗಾಗ್ ಮುಚ್ಚಿರುತ್ತದೆ.